ಪಿಯಾನೋ ಅಮ್ಮನ ಮೇಜಿನ ಮೇಲೆ ಆದಿತಾಳ

ತಾಳ ಹಾಕುವುದು ನನಗೊಂದು ಕಾಯಿಲೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳಿಕೊಳ್ಳಲಿ. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎಂದರೂ ಸಾಕು, ಡಿಶ್‌ವಾಷರ್ ಗೊರಗುಟ್ಟಿದರೂ ಸಾಕು, ನನ್ನ ಬಲಗೈ ತನ್ನ ಪಾಡಿಗೆ ತಾನು ಆದಿತಾಳ ಶುರು ಮಾಡುತ್ತದೆ. ಒಮ್ಮೆ ಎಂಆರ್‌ಐ ಯಂತ್ರದೊಳಗೆ ಮಲಗಿದ್ದಾಗಲೂ ಹಾಕಿ, ಚಿತ್ರವೆಲ್ಲ ಅಲ್ಲಾಡಿಹೋಗಿ, ಟೆಕ್ನಿಷಿಯನ್ ಹತ್ತಿರ ಬೈಸಿಕೊಂಡಿದ್ದೇನೆ. ಇದು ನನಗೆ ಅಂಟಿದ್ದು ಮೈಸೂರಿನಲ್ಲಿ, ನನ್ನ ದೊಡ್ಡಮ್ಮನಿಂದ. ರಾಮೋತ್ಸವದ ಕಚೇರಿಗಳಿಗೆ ನನ್ನನ್ನು ಎಳೆದುಕೊಂಡು ಹೋಗಿ, ಜಮಖಾನದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ ಎಂದು ತೊಡೆಯ ಮೇಲೆ ತಾಳ ಹಾಕಿಸುತ್ತಿದ್ದರು. ಹುಸಿ ಎಂದರೆ ಅಂಗೈಯನ್ನು ಮಗುಚಿ ಗಾಳಿಯಲ್ಲಿ ಬಿಡುವುದು. ಸದ್ದಿಲ್ಲ, ಆದರೆ ಲೆಕ್ಕಕ್ಕುಂಟು. ಹಾಡುವವರು ಎಲ್ಲಿಗಾದರೂ ಹೋಗಲಿ, ನಿನ್ನ ಕೈ ನಿನ್ನ ಜಾಗದಲ್ಲಿರಬೇಕು ಎನ್ನುತ್ತಿದ್ದರು. ತಪ್ಪಿದರೆ ಚಿವುಟುತ್ತಿದ್ದರು. ತೂಕಡಿಸಿದರೂ ಚಿವುಟುತ್ತಿದ್ದರು.

ಬಾಸ್ಕಿಂಗ್ ರಿಡ್ಜ್ ಕಡೆಯ ಔಷಧ ಕಂಪನಿಯೊಂದರಲ್ಲಿ ಲೇಬಲ್‌ಗಳ ತಪ್ಪು ಹಿಡಿಯುವುದೇ ನನ್ನ ಉದ್ಯೋಗವಾಗಿತ್ತು. ರಿಟೈರ್ ಆದ ಮೇಲೆ ನಮ್ಮ ಕಡೆಯ ಹೆಂಗಸರಿಗೆ ಈ ಪರದೇಶದಲ್ಲಿ ಎರಡೇ ದಾರಿ: ಮೊಮ್ಮಕ್ಕಳನ್ನು ನೋಡಿಕೊಳ್ಳುವುದು, ಇಲ್ಲವೇ ದೇವಸ್ಥಾನದ ಅಡುಗೆಮನೆಯಲ್ಲಿ ಪುಳಿಯೋಗರೆ ಕಲಸುವುದು. ನನ್ನ ಮಗಳಿಗೆ ಮಕ್ಕಳು ಬೇಡವಂತೆ. ಪುಳಿಯೋಗರೆಯವರಿಗೂ ನನಗೂ ಒಂದು ಯುಗಾದಿಯಲ್ಲಿ ಜಗಳವಾಗಿ, ಮಾತು ಬಿಟ್ಟುಹೋಗಿತ್ತು. ಹಾಗಾಗಿ ನ್ಯೂವಾರ್ಕಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಜಾಝ್ ಸಂಗೀತದ ಹಳೆಯ ವಸ್ತುಗಳನ್ನು ಕಾಪಾಡುವ ಆರ್ಕೈವ್‌ಗೆ ವಾಲಂಟಿಯರ್ ಬೇಕಾಗಿದ್ದಾರೆ ಎಂದು ತಿಳಿದಾಗ ಅರ್ಜಿ ಹಾಕಿದೆ. ಅಲ್ಲಿನ ಮುಖ್ಯಸ್ಥೆ, ನಲವತ್ತರ ಆಸುಪಾಸಿನ ಶಿಸ್ತಿನ ಹೆಂಗಸು, ಜಾಝ್ ಬಗ್ಗೆ ಗೊತ್ತೇ ಎಂದು ಕೇಳಿದಳು. ಏನೂ ಗೊತ್ತಿಲ್ಲ, ಲೇಬಲ್ ಗೊತ್ತು ಎಂದೆ. ಕೂಡಲೇ ತೆಗೆದುಕೊಂಡಳು.

"ಅಲ್ಲ ಕಣೇ, ಕಮ್ಯೂಟ್ ಮಾಡೋದು ತಪ್ತು ಅಂತ ಜನ ಪಾರ್ಟಿ ಕೊಡ್ತಾರೆ. ನೀನು ಫ್ರೀಯಾಗಿ ದುಡಿಯೋಕೆ ಹಿಲ್ಸ್‌ಬರೋದಿಂದ ನ್ಯೂವಾರ್ಕ್‌ಗೆ ಹೋಗ್ತೀಯಾ?" ಎಂದರು ನಮ್ಮ ಮನೆಯವರು.

"ಮನೇಲಿದ್ರೆ ನಿಮ್ಮ ಲೇಬಲ್ ಚೆಕ್ ಮಾಡ್ತಾ ಕೂರ್ತೀನಿ, ಆಗಬಹುದಾ?" ಎಂದೆ. ಮರುದಿನ ಅವರೇ ಸ್ಟೇಷನ್ನಿಗೆ ಡ್ರಾಪ್ ಮಾಡಿದರು.

ನನ್ನ ಪಾಲಿಗೆ ಬಂದದ್ದು ಒಬ್ಬ ಪಿಯಾನೋ ವಾದಕಿಯ ಪೆಟ್ಟಿಗೆಗಳು. ತೊಂಬತ್ತು ದಾಟಿದ ಕಪ್ಪು ಹೆಂಗಸು, ಇನ್ನೂ ಬದುಕಿದ್ದರು, ಕ್ವೀನ್ಸ್‌ನಲ್ಲಿ, ಜ್ಯಾಕ್ಸನ್ ಹೈಟ್ಸ್‌ನಿಂದ ಹತ್ತು ನಿಮಿಷದ ದೂರದಲ್ಲಿ ಸ್ವಂತ ಮನೆಯಲ್ಲಿದ್ದರು. ಜಾಝ್ ಬಲ್ಲವರು ಅವರ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು. ನಾನು ಮನಸ್ಸಿನಲ್ಲಿ ಅವರನ್ನು ಪಿಯಾನೋ ಅಮ್ಮ ಎಂದು ಕರೆಯತೊಡಗಿದೆ. ಅವರು ತಮ್ಮ ಬದುಕನ್ನೆಲ್ಲ ಆರ್ಕೈವ್‌ಗೆ ಕೊಡುತ್ತಿದ್ದರು, ಶರತ್ಕಾಲದಲ್ಲಿ ಅದರ ಒಂದು ದೊಡ್ಡ ಪ್ರದರ್ಶನ ನಡೆಯಬೇಕಿತ್ತು.

ಬೇರೆಯವರ ಬದುಕನ್ನು ಹಿಂದುಮುಂದಾಗಿ ನೋಡುವುದು ವಿಚಿತ್ರ ಸುಖ. ಮೊದಲ ಪೆಟ್ಟಿಗೆಯಲ್ಲಿ ಮಣಿ ಹೊಲಿದ ವೇದಿಕೆಯ ಉಡುಪುಗಳಿದ್ದವು, ಕಂಕುಳಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು ಕಾಣುತ್ತಿತ್ತು. ಆಮೇಲೆ ಪೋಸ್ಟರುಗಳು, ಪ್ಯಾರಿಸ್ಸಿನ ಕ್ಲಬ್ಬೊಂದರ ಬೆಂಕಿಪೊಟ್ಟಣ, ಬ್ಯಾಂಡಿನ ಬಸ್ಸಿನಲ್ಲಿ ಕೋಟನ್ನೇ ಹೊದ್ದು ಮಲಗಿದ ಫೋಟೋ. ಆ ಕಾಲದಲ್ಲಿ ಕೆಲವು ಊರಿನ ಹೋಟೆಲುಗಳಲ್ಲಿ ಅವರು ಪಿಯಾನೋ ನುಡಿಸಬಹುದಿತ್ತು, ಮಲಗುವಂತಿರಲಿಲ್ಲ. ಗಂಡಸರೇ ತುಂಬಿದ ಬ್ಯಾಂಡ್‌ಗಳ ಚಿತ್ರಗಳಲ್ಲಿ ಇವರೊಬ್ಬರು ಮೂಲೆಯಲ್ಲಿ, ಸದಾ ಅವರೆಲ್ಲರಿಗಿಂತ ಮೊದಲೇ ನಗು ಮುಗಿಸಿ ಕೆಲಸಕ್ಕೆ ಕಾದವರ ಹಾಗೆ. ಟೇಪುಗಳನ್ನು ಕೇಳುತ್ತ ಲೇಬಲ್ ಬರೆಯುವುದು ನನ್ನ ಕೆಲಸ. ಮೊದಮೊದಲು ಏನೂ ಅರ್ಥವಾಗಲಿಲ್ಲ. ಒಂದು ದಿನ ನೋಡುತ್ತೇನೆ, ನನ್ನ ಕೈ ತಾನಾಗಿ ತಾಳ ಹಿಡಿದುಬಿಟ್ಟಿದೆ. ಅವರ ಎಡಗೈ ನೆಲದಂತೆ ಗಟ್ಟಿ, ಬಲಗೈ ಮನಸ್ಸು ಬಂದಲ್ಲಿಗೆ ಓಡಿ ಸಮಕ್ಕೆ, ಅಂದರೆ ತಾಳದ ಸುತ್ತು ಶುರುವಾಗುವ ಪೆಟ್ಟಿನ ಹೊತ್ತಿಗೆ, ಸರಿಯಾಗಿ ಮನೆಗೆ ಬರುತ್ತಿತ್ತು. ಅಂದಿನಿಂದ ನಾನು ಅವರ ಪಕ್ಷ.

ಕೊನೆಯ ಪೆಟ್ಟಿಗೆಯ ತಳದಲ್ಲಿ ಒಂದು ಕ್ಯಾಸೆಟ್ ಇತ್ತು. ಅದರ ಮೇಲೆ ಅವರದೇ ಕೈಬರಹದಲ್ಲಿ ಒಂದೇ ಮಾತು: ಬೇಡ.

ಮುಖ್ಯಸ್ಥೆ ಅದರ ಕಥೆ ಹೇಳಿದಳು. ಪ್ರಸಿದ್ಧಿಯ ತುದಿಯಲ್ಲಿದ್ದಾಗ ಪಿಯಾನೋ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ನಾಲಿಗೆ ಸರಿಹೋಯಿತು, ಕಾಲು ಸರಿಹೋಯಿತು, ಎಡಗೈ ಮಾತ್ರ ಹೋದದ್ದು ಹೋಯಿತು. ಮತ್ತೊಬ್ಬರಾಗಿದ್ದರೆ ಅಲ್ಲಿಗೆ ಮುಚ್ಚಳ ಹಾಕುತ್ತಿದ್ದರು. ಇವರು ಬಲಗೈ ಒಂದರಲ್ಲೇ ನುಡಿಸುವುದನ್ನು ಅಭ್ಯಾಸ ಮಾಡಿ, ಒಂದು ಚರ್ಚಿನ ಹಾಲ್‌ನಲ್ಲಿ ಒಬ್ಬರೇ ಕುಳಿತು ಕಚೇರಿ ಕೊಟ್ಟರು. ಡ್ರಮ್ ಇಲ್ಲ, ಬೇಸ್ ಇಲ್ಲ. ಮರುದಿನ ಪತ್ರಿಕೆಯವರು, ಪಾಪ, ಆಕೆ ನಡುವೆ ಲಯ ಕಳೆದುಕೊಂಡರು, ಇನ್ನು ವಿಶ್ರಾಂತಿ ಪಡೆಯುವುದು ಒಳ್ಳೆಯದು ಎಂಬ ಅರ್ಥದಲ್ಲಿ ಬರೆದರು. ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರೇನೋ. ಕನಿಕರ ಅವರನ್ನು ಮುಗಿಸಿತು. ಆಮೇಲೆ ಅವರು ವೇದಿಕೆ ಹತ್ತಲಿಲ್ಲ. ಆ ರಾತ್ರಿ ಯಾರೋ ರೆಕಾರ್ಡ್ ಮಾಡಿ ಕೊಟ್ಟ ಕ್ಯಾಸೆಟ್ಟನ್ನು ಒಮ್ಮೆಯೂ ಕೇಳದೆ ಇಟ್ಟುಕೊಂಡಿದ್ದರು. ಈಗ ಅದನ್ನು ನಾಶಮಾಡಬೇಕು ಎಂಬುದು ಅವರ ಷರತ್ತು. ಅದು ಅವರ ಹಕ್ಕು ಕೂಡ.

"ಕೇಳಿದೀಯಾ ನೀನು?" ಎಂದು ಮುಖ್ಯಸ್ಥೆಯನ್ನು ಕೇಳಿದೆ.

"ಅವರ ಅನುಮತಿ ಇಲ್ಲದೆ ಹೇಗೆ ಕೇಳಲಿ?" ಎಂದಳು. ನಾನಾಗಿದ್ದರೆ ಕೇಳಿಬಿಡುತ್ತಿದ್ದೆ. ಅದಕ್ಕೇ ಅವಳು ಮುಖ್ಯಸ್ಥೆ, ನಾನು ಲೇಬಲ್.

ನನಗೆ ಆ ಕ್ಯಾಸೆಟ್ ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಅಷ್ಟು ದೊಡ್ಡ ಬದುಕು. ಪ್ರದರ್ಶನದ ಕೊನೆಯ ಗೋಡೆಗೆ ಬಂದಾಗ ಒಂದು ಪತ್ರಿಕೆಯ ತುಣುಕು ಮಾತ್ರ, ಆಕೆ ಲಯ ತಪ್ಪಿದಳು ಎಂದು. ಕ್ಯಾಸೆಟ್ ಹೋದರೆ ಆ ಮಾತಿಗೆ ಎದುರುಮಾತೇ ಉಳಿಯುವುದಿಲ್ಲ. ಕೊನೆಗೆ ಮುಖ್ಯಸ್ಥೆ ಒಂದು ಉಪಾಯ ಮಾಡಿದಳು. ನಾಶ ಮಾಡುವ ಮುಂಚೆ ಒಮ್ಮೆ ಕೇಳಿ, ಯಾಕೆ ಬೇಡ ಎಂಬುದನ್ನು ನೀವೇ ಮೈಕಿನಲ್ಲಿ ಹೇಳಿ, ನಿಮ್ಮ ಮಾತಾದರೂ ನಮ್ಮಲ್ಲಿರಲಿ ಎಂದು ಪಿಯಾನೋ ಅಮ್ಮನನ್ನು ಒಪ್ಪಿಸಿದಳು.

ನಮ್ಮ ಮನೆಯವರೇ ನನ್ನನ್ನು ಕ್ವೀನ್ಸ್‌ಗೆ ಡ್ರೈವ್ ಮಾಡಿಕೊಂಡು ಹೋದರು. ನನ್ನ ಮೇಲಿನ ಪ್ರೀತಿಗಲ್ಲ, ಎಪ್ಪತ್ತನಾಲ್ಕನೇ ಬೀದಿಯ ಸಿಹಿತಿಂಡಿ ಅಂಗಡಿಗಾಗಿ. ನನ್ನನ್ನು ಬಾಗಿಲಲ್ಲಿ ಇಳಿಸಿ ಮಾಯವಾದರು.

ಪಿಯಾನೋ ಅಮ್ಮ ಸಣ್ಣ ಆಕಾರದವರು, ಕಣ್ಣು ಮಾತ್ರ ಹದ್ದಿನದು. ಊಟದ ಮೇಜಿನ ಸುತ್ತ ಕುಳಿತೆವು. ಅವರ ಮಾತು ಇಂಗ್ಲಿಷು, ನನ್ನ ಕಿವಿಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ. "ನಿನಗೆ ಸಂಗೀತ ಬರುತ್ತಾ?" ಎಂದು ಕೇಳಿದರು. ಕೇಳೋಕೆ ಬರುತ್ತೆ ಎಂದೆ. "ಹಾಗಾದ್ರೆ ಇವತ್ತು ಕಷ್ಟ ಪಡ್ತೀಯ" ಎಂದರು.

ಮುಖ್ಯಸ್ಥೆ ಮೇಜಿನ ಮಧ್ಯೆ ಒಂದು ಪುಟ್ಟ ಮೈಕನ್ನು ಇಟ್ಟಳು. ಇದು ತುಂಬ ಸೂಕ್ಷ್ಮ, ಉಸಿರಾಡಿದರೂ ಹಿಡಿಯುತ್ತೆ, ದಯವಿಟ್ಟು ಯಾರೂ ಮೇಜು ಮುಟ್ಟಬೇಡಿ ಎಂದು ಎಚ್ಚರಿಸಿ ಕ್ಯಾಸೆಟ್ ಹಾಕಿದಳು. ನಾನು ತಲೆಯಾಡಿಸಿದೆ. ಆ ಗಳಿಗೆಯಲ್ಲಿ ನಿಜವಾಗಿಯೂ ಮುಟ್ಟಬಾರದು ಎಂದೇ ಇದ್ದೆ.

ಸ್ವಲ್ಪ ಹೊತ್ತು ಕೆಮ್ಮು, ಕುರ್ಚಿಗಳ ಸದ್ದು. ಆಮೇಲೆ ಒಂದೇ ಕೈಯ ಪಿಯಾನೋ. ನಿಧಾನದ, ಪ್ರೀತಿಯ ಒಂದು ಹಾಡು. ಎಡಗೈ ಇರಬೇಕಾದ ಕಡೆ ಏನೂ ಇಲ್ಲ, ಅವರು ಅದನ್ನು ಮುಚ್ಚಿಡಲೂ ಹೋಗಿರಲಿಲ್ಲ. ಆ ಖಾಲಿ ಜಾಗಗಳನ್ನು ಹಾಗೇ ಬಿಟ್ಟು, ಅವುಗಳ ನಡುವೆ ಬಲಗೈಯ ಸ್ವರಗಳನ್ನು ಒಂದೊಂದಾಗಿ ಇಡುತ್ತಿದ್ದರು. ಹಾಡಿನ ನಡುವೆ ಲಯ ಎಲ್ಲೋ ಜಾರಿತು. ಸ್ವರಗಳು ಎಳೆದವು, ತಡವಾದವು, ಒಂದು ದೊಡ್ಡ ಮೌನ ಬಂತು, ಆಮೇಲೆ ಸಂಬಂಧವೇ ಇಲ್ಲದಂಥ ಎರಡು ಪುಟ್ಟ ತುಣುಕು.

"ಇಲ್ಲೇ," ಎಂದರು ಪಿಯಾನೋ ಅಮ್ಮ. "ಇಲ್ಲೇ ನಾನು ಕಳೆದುಹೋದದ್ದು." ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದಿನಲ್ಲಿ ಅವರಿಗೆ ಮುಂದಿನದು ಕೇಳಲಿಲ್ಲ.

ನನಗೆ ಕೇಳಿತು. ಅಷ್ಟೆಲ್ಲ ಅಲೆದ ಮೇಲೆ ಆ ಬಲಗೈ ಒಂದೇ ಒಂದು ಸ್ವರವನ್ನು ಸಮದ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಇಟ್ಟಿತು. "ಭಲೇ!" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನೋಡುತ್ತೇನೆ, ಮುಖ್ಯಸ್ಥೆ ನನ್ನ ಕೈಯನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ. ನನ್ನ ಅಂಗೈ ಮೇಜಿನ ಮೇಲಿತ್ತು. ಹಾಡಿನ ಮೊದಲಿಂದಲೂ ಅಲ್ಲೇ ಇತ್ತಂತೆ, ದಬದಬ ಬಡಿಯುತ್ತ. ಬಾಯಿಬಿಟ್ಟು ತಡೆದರೆ ಅದೂ ಮೈಕಿಗೆ ಬೀಳುತ್ತದೆ ಎಂದು ಅವಳು ತಡೆದಿರಲಿಲ್ಲ.

ಕೂಗು ಕೇಳಿ ಪಿಯಾನೋ ಅಮ್ಮ ವಾಪಸ್ ಬಂದರು. "ನೀವು ಕಳೆದುಹೋಗಿರಲಿಲ್ಲ, ಸರಿಯಾಗಿ ಬಂದು ಇಳಿದಿರಿ" ಎಂದು ನಾನು ಎದ್ದು ನಿಂತು ಹೇಳಿದೆ. ಅವರು ನನ್ನ ಕೆನ್ನೆ ತಟ್ಟಿದರು.

"ಮಗೂ, ನೀನು ಒಳ್ಳೆಯವಳು. ಆ ರಾತ್ರಿ ಹಾಲ್‌ನಲ್ಲೂ ಬಹಳ ಒಳ್ಳೆಯವರಿದ್ದರು. ನನ್ನ ಕೋಟು ತಂದುಕೊಟ್ಟವರು, ಟ್ಯಾಕ್ಸಿ ಹತ್ತಿಸಿದವರು ಎಲ್ಲರೂ ನೀನು ಹೇಳಿದ್ದನ್ನೇ ಹೇಳಿದರು." ಆಮೇಲೆ ಮುಖ್ಯಸ್ಥೆಯ ಕಡೆ ತಿರುಗಿ, "ಮುಂದಿನ ವಾರ ಬಂದು ದಾನಪತ್ರಕ್ಕೆ ಸಹಿ ಮಾಡ್ತೀನಿ. ಅಷ್ಟರಲ್ಲಿ ಅದನ್ನ ಸುಟ್ಟು ಹಾಕು" ಎಂದರು.

ಕಾರಿನಲ್ಲಿ ನಾನು ಅತ್ತುಬಿಟ್ಟೆ. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಒಬ್ಬ ಹೆಂಗಸಿಗೆ ನೀನು ಸರಿಯಿದ್ದೆ ಎಂದು ಹೇಳಿದರೆ ಅದು ಕರುಣೆಯಂತೆ, ನೀನು ಹಾಳಾದೆ ಎಂದು ಪೇಪರಿನವನು ಬರೆದರೆ ಅದು ಸತ್ಯವಂತೆ! ಅದರ ಮೇಲೆ ರೆಕಾರ್ಡಿಂಗ್ ಕೆಡಿಸಿದ್ದಕ್ಕೆ ಮುಖ್ಯಸ್ಥೆ ನನ್ನ ಜೊತೆ ಮಾತೇ ಆಡಿರಲಿಲ್ಲ. ನಮ್ಮ ಮನೆಯವರು ಜಿಲೇಬಿ ಪೊಟ್ಟಣ ಮುಂದೆ ಮಾಡಿದರು.

"ಟೇಬಲ್ ಬಡಿದ್ಯಾ?" ಎಂದರು.

"ಬಡಿದೆ."

"ಮೈಕ್ ಇತ್ತಾ?"

"ಇತ್ತು."

"ಅಂದ್ರೆ ಪುಳಿಯೋಗರೆ ಡಿಪಾರ್ಟ್‌ಮೆಂಟಿಗೆ ವಾಪಸ್ ಹೋಗಬೇಕು ಅನ್ನು" ಎಂದರು. ನಗು ಬರಲಿಲ್ಲ, ಜಿಲೇಬಿ ಮಾತ್ರ ತಿಂದೆ.

ಎರಡು ದಿನ ಕಳೆದ ಮೇಲೆ ಮುಖ್ಯಸ್ಥೆಯ ಫೋನ್ ಬಂತು. ಕೆಲಸದಿಂದ ತೆಗೆಯುತ್ತಾಳೆ ಎಂದುಕೊಂಡೇ ಎತ್ತಿದೆ. "ಟ್ರೈನ್ ಹತ್ತು, ಈಗಲೇ ಬಾ" ಎಂದಳು. ಹೋದೆ. ಕೆಟ್ಟ ರೆಕಾರ್ಡಿಂಗಿನಲ್ಲಿ ಉಳಿಸಿಕೊಳ್ಳುವಂಥದು ಏನಾದರೂ ಇದೆಯೇ ಎಂದು ಅವಳು ಕೇಳುತ್ತ ಕೂತಿದ್ದಳಂತೆ. ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದಳು.

ಮೊದಲು ನನಗೆ ನಾಚಿಕೆಯಾಯಿತು. ಪಿಯಾನೋ ಹಿಂದೆ, ನನ್ನ ಕೈ ಮುಂದೆ. ಪೆಟ್ಟು ಬಿದ್ದಾಗ ಧಬ್ ಎಂದು ಮೇಜು, ಬೆರಳೆಣಿಕೆಗೆ ಟಕ್ ಟಕ್ ಎಂದು ಉಂಗುರ, ಹುಸಿಗೆ ಕೈ ಮಗುಚಿದಾಗ ಗಾಜಿನ ಬಳೆಗಳ ಸಣ್ಣ ಕಿಣಿ. ದೇವರ ಮನೆಯಲ್ಲಿ ಯಾರೋ ಕುಟ್ಟಾಣಿ ಕುಟ್ಟಿದ ಹಾಗಿತ್ತು. ಆದರೆ ಆಮೇಲೆ ಹಾಡು ಜಾರುವ ಜಾಗ ಬಂತು. ಪಿಯಾನೋ ಎಲ್ಲೆಲ್ಲೋ ಹೋಯಿತು. ನನ್ನ ಕೈ ಹೋಗಲಿಲ್ಲ. ಧಬ್, ಟಕ್ ಟಕ್ ಟಕ್, ಧಬ್ ಕಿಣಿ, ಧಬ್ ಕಿಣಿ, ಅದೇ ವೇಗ, ಅದೇ ಹಟ. ಪಿಯಾನೋ ಅಮ್ಮ ಕುರ್ಚಿ ಹಿಂದೆ ತಳ್ಳಿ ಎದ್ದ ಸದ್ದು, ಹೆಜ್ಜೆಗಳ ಸದ್ದು, ನಲ್ಲಿ ನೀರು. ಎಲ್ಲದರ ನಡುವೆ ಮೇಜಿನ ಪೆಟ್ಟು ನಡೆದೇ ಇತ್ತು. ಕೊನೆಗೆ ಒಂದು ಧಬ್, ಅದರ ಮೇಲೆಯೇ ಪಿಯಾನೋದ ಆ ಸ್ವರ, ಎರಡೂ ಸೇರಿ ಒಂದೇ ಸದ್ದು. ಆಮೇಲೆ ನನ್ನ ಭಲೇ.

"ಇದು ನಿನ್ನ ಅಭಿಪ್ರಾಯ ಅಲ್ಲ," ಎಂದಳು ಮುಖ್ಯಸ್ಥೆ. "ಇದು ಅಳತೆಪಟ್ಟಿ."

ನನಗೆ ಆಗ ಹೊಳೆಯಿತು. ಅಷ್ಟು ವರ್ಷ ಯಾರಿಗೂ ತಿಳಿಯದೆ ಹೋದದ್ದು ಇದಕ್ಕೇ. ಒಬ್ಬರೇ ನುಡಿಸಿದ್ದರು, ಜೊತೆಗೆ ಲಯ ಹಿಡಿಯುವವರು ಯಾರೂ ಇರಲಿಲ್ಲ. ಕೇಳುವವರು ಅವರ ಎಡಗೈಯನ್ನು ನೋಡುತ್ತ ಕೂತಿದ್ದರು. ನಮ್ಮ ಮೈಸೂರಿನ ಪೆಂಡಾಲಿನಲ್ಲಾಗಿದ್ದರೆ ಇಡೀ ಸಭೆ ತೊಡೆ ತಟ್ಟಿ ಲೆಕ್ಕ ಇಟ್ಟಿರುತ್ತಿತ್ತು, ಆಕೆ ಸಮಕ್ಕೆ ಬಂದ ಕೂಡಲೇ ಪೆಂಡಾಲು ಹಾರಿಹೋಗುತ್ತಿತ್ತು.

ಮರುದಿನವೇ ಮತ್ತೆ ಅದೇ ಮೇಜು. ಈ ಸಲ ಮೈಕ್ ಇರಲಿಲ್ಲ, ಒಂದು ಪುಟ್ಟ ಸ್ಪೀಕರ್. ಪಿಯಾನೋ ಅಮ್ಮ ಕೇಳುವುದಿಲ್ಲ ಎಂದರು. ನಾನೂ ಹಟಮಾರಿಯೇ. "ನಿಮ್ಮನ್ನ ಕೇಳಬೇಡಿ, ನನ್ನ ಕೈ ಕೇಳಿ. ಅದು ತಪ್ಪಿದೆಯಾ ಹೇಳಿ, ಸಾಕು" ಎಂದೆ. ಬೇರೆಯವರ ತಪ್ಪು ಹಿಡಿಯಿರಿ ಎಂದರೆ ಯಾವ ವಾದಕರು ಬಿಡುತ್ತಾರೆ! ಕಿವಿ ನಿಮಿರಿಸಿ ಕೂತರು.

"ಗಡಿಯಾರ" ಎಂದರು ಸ್ವಲ್ಪ ಹೊತ್ತಿನಲ್ಲಿ. "ನಿನ್ನ ಕೈ ಗಡಿಯಾರ. ಈ ಗಾಜಿನ ಸದ್ದು ಏನು?"

ಕೈ ಮಗುಚಿ ತೋರಿಸಿದೆ. ಇದಕ್ಕೆ ಸದ್ದಿಲ್ಲ, ಆದರೆ ಎಣಿಸಬೇಕು ಎಂದೆ. ಅವರು ನನ್ನ ಕೈಯನ್ನೇ ನೋಡುತ್ತ ಉಳಿದರು. ಅಷ್ಟರಲ್ಲಿ ಆ ಜಾಗ ಬಂತು. ಅವರ ಬಲಗೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಈ ಸಲ ಏಳಲಿಲ್ಲ. ಸ್ವರಗಳು ಅಲೆದವು, ಮೌನ ಬಂತು, ಮೌನದಲ್ಲಿ ನನ್ನ ಪೆಟ್ಟು ನಡೆಯಿತು. ಧಬ್ ಎಂದದ್ದೂ ಪಿಯಾನೋ ಬಂದದ್ದೂ ಒಟ್ಟಿಗೇ.

"ಮತ್ತೊಮ್ಮೆ" ಎಂದರು. ಹಾಕಿದೆವು. "ಮತ್ತೊಮ್ಮೆ." ಹಾಕಿದೆವು. ಅವರ ಮುಖದ ಮೇಲೆ ಅಳು ಬರುತ್ತದೆ ಎಂದು ನಾನು ಕಾದಿದ್ದರೆ, ಬಂದದ್ದು ನಗು. ಹೊಟ್ಟೆಯ ಆಳದಿಂದ, ಕೆಮ್ಮು ಬರುವವರೆಗೆ ನಕ್ಕರು. "ನಾನು ದಾರಿ ತಪ್ಪಿರಲಿಲ್ಲ!" ಎಂದರು. "ಒಂದು ಸುತ್ತು ಹಾಕಿ ಬರೋಕೆ ಹೋಗಿದ್ದೆ. ಅದೂ ಒಂದೇ ಕೈಯಲ್ಲಿ. ದೇವರೇ, ಎಂಥಾ ಪೊಗರು ನನಗೆ!" ಆಮೇಲೆ ಕಣ್ಣೊರೆಸಿಕೊಂಡು, "ಆ ಪೇಪರ್ ನೋಡಿದ ಮೇಲೆ ನಾನೂ ಅದನ್ನೇ ನಂಬಿಬಿಟ್ಟೆ" ಎಂದರು.

ದಾನಪತ್ರಕ್ಕೆ ಸಹಿ ಮಾಡುವಾಗ ಅವರು ಕ್ಯಾಸೆಟ್ಟಿನ ಮೇಲಿದ್ದ ಬೇಡ ಎಂಬ ಚೀಟಿಯನ್ನು ಉಗುರಿನಿಂದ ಕಿತ್ತು ತೆಗೆದರು. ಹೊಸ ಲೇಬಲ್ ಅಂಟಿಸುವ ಕೆಲಸ ನನ್ನದಾಯಿತು. ನನ್ನ ಪೆಟ್ಟುಗಳಿರುವ ರೆಕಾರ್ಡಿಂಗೂ ಆರ್ಕೈವಿನಲ್ಲಿ ಇರಬೇಕು, ನಂಬದವರಿಗೆ ಬೇಕಾಗುತ್ತದೆ ಎಂದರು. ಆದರೆ ಪ್ರದರ್ಶನದ ಸಂಜೆ ಕ್ಯಾಸೆಟ್ಟನ್ನು ಹಾಗೇ ಹಾಕಬೇಕು, ಯಾರ ಕೈಯೂ ಜೊತೆಗೆ ಬೇಡ. ನನಗೆ ಸ್ವಲ್ಪ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಹೇಳಿದ್ದು ಸರಿ.

ಆ ಸಂಜೆ ಲೈಬ್ರರಿಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನಾನು ಮೈಸೂರು ರೇಷ್ಮೆ ಉಟ್ಟಿದ್ದೆ, ನಮ್ಮ ಮನೆಯವರು ಬ್ಲೇಜರ್ ಹಾಕಿದ್ದರು. ಮುಂದಿನ ಸಾಲಿನಲ್ಲಿ ಜಾಝ್ ಲೋಕದ ಮುದುಕರೆಲ್ಲ ಬಂದು ಕೂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಊರುಗೋಲು. ವೇದಿಕೆಯ ಮೇಲೆ ಪಿಯಾನೋ ಅಮ್ಮ ಒಬ್ಬರೇ, ಕೆಂಪು ಉಡುಪಿನಲ್ಲಿ. ಭಾಷಣಗಳಾದವು, ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಹಾಕಿದರು, ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಮುಖ್ಯಸ್ಥೆ ಕ್ಯಾಸೆಟ್ ಶುರು ಮಾಡಿದಳು. ಪಿಯಾನೋ ಅಮ್ಮ ಅವಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಸೌಂಡ್ ಜಾಸ್ತಿ ಮಾಡು. ಮುಚ್ಚಿಡೋದೇನಿಲ್ಲ" ಎಂದರು.

ಒಂದು ಕೈಯ ಹಾಡು ಸಭಾಂಗಣ ತುಂಬಿತು. ನಾನು ನನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದೆ. ಜಾರುವ ಜಾಗ ಬಂತು. ಮುಂದಿನ ಸಾಲಿನ ಮುದುಕರು ಒಬ್ಬೊಬ್ಬರಾಗಿ ಮುಂದಕ್ಕೆ ಬಾಗಿದರು. ಅವರಲ್ಲಿ ಕೆಲವರು ಆ ಪತ್ರಿಕೆಯ ಮಾತನ್ನು ನಂಬಿದವರೇ ಇದ್ದಿರಬೇಕು. ಮೌನ ಬಂದಾಗ ಯಾರೂ ಕೆಮ್ಮಲಿಲ್ಲ. ಆ ಸ್ವರ ಬಂದು ಕೂತಿತು. ಮುಂದಿನ ಸಾಲಿನಿಂದ ಒಬ್ಬರು ಹಾ ಎಂದು ಚೀರಿ, ಊರುಗೋಲು ಬಿಟ್ಟು ಎದ್ದು ನಿಂತರು. ಅವರ ಹಿಂದೆ ಸಾಲು ಸಾಲಾಗಿ ಇಡೀ ಸಭೆ ಎದ್ದಿತು. ಹಾಡು ಇನ್ನೂ ಮುಗಿದಿರಲಿಲ್ಲ, ಅದು ಯಾರಿಗೂ ಕೇಳುತ್ತಿರಲಿಲ್ಲ. ನಾನು ಏನು ಕೂಗಿದೆನೋ ನನಗೇ ತಿಳಿಯದು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಪಿಯಾನೋ ಅಮ್ಮ ಕುರ್ಚಿಯಲ್ಲಿ ಕೂತೇ ಇದ್ದರು. ತಲೆ ಬಾಗಿಸಲಿಲ್ಲ, ಕೈ ಬೀಸಲಿಲ್ಲ. ಮಡಿಲಲ್ಲಿ ಸದ್ದಿಲ್ಲದೆ ಬಿದ್ದಿದ್ದ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಹಿಡಿದರು. ದಸರಾ ಕುಸ್ತಿಯಲ್ಲಿ ಗೆದ್ದವನ ಕೈಯನ್ನು ಎತ್ತಿ ಜನಕ್ಕೆ ತೋರಿಸುತ್ತಾರಲ್ಲ, ಹಾಗೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿದರು. ಜನರ ಕೂಗು ನಿಲ್ಲುವವರೆಗೂ ಅದನ್ನು ಇಳಿಸಲಿಲ್ಲ.